ಚಳಿ ಕೊರೆಯುವ ಗ್ಯಾರೇಜಿನಲ್ಲಿ ಸೀಸದ ಗುಂಡುಗಳಿಗೆ ಮೇಣ ಹಚ್ಚಿದ ಕಥೆ

ಕೊನೆಗೂ ಮುಗಿಯಿತು. ಸೆಪ್ಟೆಂಬರಿನಲ್ಲಿ ಎರಕ ಹೊಯ್ದು ಕಾಫಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದ ನನ್ನ ರಿವಾಲ್ವರಿನ ಗುಂಡುಗಳಿಗೆಲ್ಲ ಈಗ ಮೇಣ ಹಿಡಿದಿದೆ. ಅಳತೆಯೂ ಸರಿಯಾಗಿದೆ. ಬೇಸಿಗೆಯಲ್ಲಾದರೆ ಇದು ಒಂದು ವಾರಾಂತ್ಯದ ಕೆಲಸ. ಅಮೆರಿಕದ ಮಿನ್ನೆಸೋಟದ ಜನವರಿಯಲ್ಲಿ, ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಕೂತರೆ ಚಳಿಗಾಲದ ಅರ್ಧ ಇದಕ್ಕೇ ಹೋಗುತ್ತದೆ. ಈ ಹವ್ಯಾಸದ ಕನ್ನಡದವರು ಇಲ್ಲಿ ತೀರಾ ಕಡಿಮೆ, ಆದರೂ ಇದ್ದಾರೆ. ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಕೋವಿ ಹೊಸದೇನಲ್ಲ. ಅವರಿಗೆ ನನ್ನಷ್ಟು ತಲೆನೋವು ಆಗದಿರಲಿ ಅಂತ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು. ಇದನ್ನು ಓದದೆ ಮುಂದೆ ಹೋಗಬೇಡಿ.

ನೀವು ಎಚ್-1ಬಿ, ಎಲ್-1, ಎಫ್-1 ಇಂಥ ತಾತ್ಕಾಲಿಕ ವೀಸಾದಲ್ಲಿದ್ದರೆ, ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಅದೇ ಕಾನೂನಿನಲ್ಲಿ 'ಅಮ್ಯುನಿಷನ್' ಅಂದರೆ ಪೂರ್ತಿ ತಯಾರಾದ ತೋಟೆ ಮಾತ್ರ ಅಲ್ಲ. ಖಾಲಿ ಕೇಸು (ತೋಟೆಯ ಲೋಹದ ಕೊಳವೆ), ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಗುಂಡು, ಒಂದೊಂದೇ ಬಿಡಿಯಾಗಿದ್ದರೂ ಅಮ್ಯುನಿಷನ್ನೇ. ಅಂದರೆ ಅಚ್ಚಿನಿಂದ ಈಗಷ್ಟೇ ಬಿದ್ದ ಸೀಸದ ಗುಂಡು ನಿಮ್ಮ ಕೈಯಲ್ಲಿದ್ದರೂ ತೊಂದರೆಯೇ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದೊಂದು ದಾರಿ. ಆದರೆ ಒಬ್ಬ ವಕೀಲರ ಬಾಯಿಂದ ಕೇಳಿಕೊಂಡೇ ಕೈಹಾಕಿ. ಇದರಲ್ಲಿ ಎಡವಟ್ಟಾದರೆ ಗ್ರೀನ್ ಕಾರ್ಡ್ ಕನಸಿಗೇ ಕಲ್ಲು ಬೀಳುತ್ತದೆ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ತಕರಾರಿಲ್ಲ. ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ನಾನು ಅಚ್ಚು, ಪಾತ್ರೆ ಏನನ್ನೂ ಕೊಳ್ಳದೆ ಆ ಕಾರ್ಡು ಬರುವ ತನಕ ಕಾದೆ. ಸುಮ್ನೆ ಪುಸ್ತಕ ಓದುತ್ತಿದ್ದೆ. ನಮ್ಮ ಸ್ವಂತ ಬಳಕೆಗೆ ಗುಂಡು ಎರಕ ಹೊಯ್ಯಲು ಫೆಡರಲ್ ಲೈಸೆನ್ಸ್ ಬೇಡ. ಮಾರಾಟಕ್ಕೆ ಮಾಡುವುದಾದರೆ ಬೇಕು. ಹಾಗಾಗಿ ಗೆಳೆಯರಿಂದ ಕಾಸು ತೆಗೆದುಕೊಂಡು ಮಾಡಿಕೊಡಲೂ ಹೋಗಬೇಡಿ.

ಇನ್ನೊಂದು ಮಾತು, ಊರಿಗೆ ಹೋಗುವವರಿಗೆ. ಗುಂಡು ಹೊಡೆಯುವ ರೇಂಜಿಗೆ ಒಯ್ಯುವ ಬ್ಯಾಗನ್ನೇ ವಿಮಾನಕ್ಕೂ ಬಳಸಬೇಡಿ. ಮೂಲೆಯಲ್ಲಿ ಒಂದು ಗುಂಡು ಉಳಿದುಕೊಂಡರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೇಸು ಬೀಳಬಹುದು. ಭಾರತದ ಆರ್ಮ್ಸ್ ಆಕ್ಟ್ 1959ರಲ್ಲಿ ತೋಟೆಯ ಬಿಡಿಭಾಗಗಳೂ ಸೇರಿವೆ. ಅಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದೂ ಅಪರಾಧ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಅಮೆರಿಕಕ್ಕೆ ಮಾತ್ರ.

ಸರಿ, ಈಗ ಗುಂಡಿನ ವಿಷಯ.

ನನ್ನದು .38 ಸ್ಪೆಷಲ್ ಅನ್ನುವ ಅಳತೆಯ ತೋಟೆ ಹಾಕುವ ರಿವಾಲ್ವರ್. ಅದಕ್ಕೆ 158 ಗ್ರೇನ್ ತೂಕದ, ಅಂದರೆ ಸುಮಾರು 10 ಗ್ರಾಮಿನ ಗುಂಡು. ಒಂದು ಪೌಂಡ್ ಸೀಸಕ್ಕೆ 44 ಗುಂಡು ಲೆಕ್ಕ. ಬರೀ ಸೀಸದ ಗುಂಡಿಗೆ ತಾಮ್ರದ ಹೊದಿಕೆ ಇರುವುದಿಲ್ಲ. ಹಾಗಾಗಿ ನಳಿಗೆಯ ಉಕ್ಕಿಗೆ ಅದು ನೇರವಾಗಿ ಉಜ್ಜುತ್ತದೆ. ಹಿಂದಿನಿಂದ ಬಿಸಿ ಗಾಳಿ ಸಂದಿಯಲ್ಲಿ ನುಗ್ಗಿ ಗುಂಡಿನ ಅಂಚನ್ನು ಕರಗಿಸುತ್ತದೆ. ಆ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಹೊಡೆದ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಗುಂಡಿಗೂ ಗೊತ್ತಿರುವುದಿಲ್ಲ. ಇದಕ್ಕೇ ಗುಂಡಿನ ಸೊಂಟದ ಸುತ್ತ ಒಂದು ಕಚ್ಚು ಇರುತ್ತದೆ. ಅದರಲ್ಲಿ ಮೇಣ ತುಂಬಬೇಕು. ಅದು ಜಾರಿಸುತ್ತದೆ, ಸಂದಿಯನ್ನೂ ಮುಚ್ಚುತ್ತದೆ.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಮಲೆನಾಡಿನ ನಮ್ಮ ತೋಟದ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇದೆ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನದು. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರುವುದೇ ಅವರಿಗೊಂದು ಕೆಲಸ. "ಅದಕ್ಕೇನೋ ಮಾರಾಯ ಇಷ್ಟೆಲ್ಲ? ನಾವು ಮದ್ದು ಹಾಕಿ, ತೆಂಗಿನ ನಾರು ಗಿಡಿದು, ಚರೆ ಹಾಕಿದ್ರೆ ಮುಗೀತು" ಅಂದರು. ಅದರ ನಳಿಗೆ ಒಳಗೆ ನಯ ಇರುತ್ತದಪ್ಪ, ಇದರಲ್ಲಿ ತಿರುಚಿದ ಗೀರುಗಳಿವೆ, ಸೀಸ ಅಲ್ಲೇ ಕಚ್ಚಿಕೊಳ್ಳುತ್ತೆ ಅಂದೆ. "ಹಂಗಾದ್ರೆ ಜೇನುಮೇಣ ಹಚ್ಚು" ಅಂದರು. ಅರ್ಧ ಉತ್ತರ ಅಲ್ಲೇ ಇತ್ತು.

ಹೀಗೆ ಗುಂಡಿಗೆ ಹಚ್ಚುವ ಮೇಣಕ್ಕೆ ಲ್ಯೂಬ್ ಅನ್ನುತ್ತಾರೆ. ಹಳಬರು ಹೇಳುವ 'ಎನ್‌ಆರ್‌ಎ 50-50' (ಎನ್‌ಆರ್‌ಎ ಅಂದರೆ ಇಲ್ಲಿನ ರೈಫಲ್ ಸಂಘ) ಅನ್ನುವ ಲ್ಯೂಬ್ ಅರ್ಧ ಜೇನುಮೇಣ, ಅರ್ಧ ಅಲಾಕ್ಸ್. ಅಲಾಕ್ಸ್ ಅಂದರೆ ತುಕ್ಕು ಹಿಡಿಯದಂತೆ ಬಳಿಯುವ ಕಂದು ಬಣ್ಣದ ಅಂಟು ಗ್ರೀಸಿನಂಥದ್ದು. ಇದು ಹೆಬ್ಬೆರಳು ದಪ್ಪದ ಕೋಲುಗಳಾಗಿ ಸಿಗುತ್ತದೆ, ನಡುವೆ ತೂತು ಇರುತ್ತದೆ. ಈ ಕೋಲನ್ನು ಲ್ಯೂಬ್ರಿಸೈಜರ್ ಅನ್ನುವ ಯಂತ್ರಕ್ಕೆ ತುಂಬಬೇಕು. ಹಿಡಿ ಕೆಳಗೆ ಎಳೆದರೆ ಗುಂಡು ಡೈ ಅನ್ನುವ, ಅಳತೆಗೆ ಕೊರೆದ ಕೊಳವೆಯೊಳಗೆ ಇಳಿಯುತ್ತದೆ. ಅಲ್ಲಿ ಅದರ ಸುತ್ತಳತೆ ಸರಿಯಾಗುತ್ತದೆ. ಡೈಯ ತೂತುಗಳಿಂದ ಲ್ಯೂಬ್ ಬಂದು ಕಚ್ಚಿನೊಳಗೆ ತುಂಬುತ್ತದೆ. ಹಿಡಿ ಮೇಲೆತ್ತಿದರೆ ಗುಂಡು ವಾಪಸು. ನನ್ನ ಹತ್ತಿರ ಇರುವುದು ಹಳೇ ಲೈಮನ್ 450. ಒಬ್ಬರು ಹಿರಿಯರು ತೀರಿಹೋದ ಮೇಲೆ ಅವರ ಮನೆಯ ಸಾಮಾನು ಮಾರುವಾಗ 90 ಡಾಲರಿಗೆ ತಂದದ್ದು. ಎರಕದ ಕಬ್ಬಿಣ, ಕೈಯಲ್ಲಿ ಎತ್ತಿದರೆ ಸೊಂಟ ನೆನಪಾಗುತ್ತದೆ.

ಎರಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಬೇರೆಯದೇ ಕಥೆ. ಕಾರಿನ ಚಕ್ರಕ್ಕೆ ಹಾಕುವ ಹಳೇ ತೂಕದ ಬಿಲ್ಲೆಗಳ ಸೀಸ, ಜೊತೆಗೆ ಸ್ವಲ್ಪ ತವರ. ತವರ ಇದ್ದರೆ ಅಚ್ಚಿನ ಮೂಲೆ ಮೂಲೆಗೂ ಸೀಸ ಹರಿಯುತ್ತದೆ. ಈಗ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಸೀಸದ ಬಿಲ್ಲೆಗಳನ್ನು ನಿಷೇಧಿಸಿದ್ದಾರೆ. ಸತು ಮತ್ತು ಕಬ್ಬಿಣದ ಬಿಲ್ಲೆಗಳೇ ಹೆಚ್ಚು ಬರುತ್ತಿವೆ. ಸೀಸ ಕರಗುವುದು 327 ಡಿಗ್ರಿಗೆ, ಸತು 419ಕ್ಕೆ. ಪಾತ್ರೆಯ ಬಿಸಿ ಹದದಲ್ಲಿಟ್ಟರೆ ಸತುವಿನ ಬಿಲ್ಲೆ ಕರಗದೆ ಮೇಲೆ ತೇಲುತ್ತದೆ, ಆಗಲೇ ಎತ್ತಿ ಬಿಸಾಡಿ. ಅದು ಬೆರೆತರೆ ಇಡೀ ಪಾತ್ರೆ ಹಾಳು.

ಚಳಿಗಾಲದಲ್ಲಿ ಎರಕ ಮಾತ್ರ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಣ್ಣಗಿರುವ ಸೀಸದ ಗಟ್ಟಿಯನ್ನು ಬೆಚ್ಚಗಿನ ಜಾಗಕ್ಕೆ ತಂದರೆ ಅದರ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಅದನ್ನು ಕರಗಿದ ಸೀಸಕ್ಕೆ ಹಾಕಿದರೆ ನೀರು ಒಮ್ಮೆಲೇ ಆವಿಯಾಗಿ ಸೀಸ ಛಾವಣಿಗೆ ಸಿಡಿಯುತ್ತದೆ. ಮುಖದ ಮೇಲೂ ಬೀಳಬಹುದು. ಮಾಡಲೇಬೇಕಾದರೆ ಗಟ್ಟಿಗಳನ್ನು ಪಾತ್ರೆಯ ಅಂಚಿನ ಮೇಲಿಟ್ಟು ಚೆನ್ನಾಗಿ ಕಾಯಿಸಿ, ಆಮೇಲೆ ಜಾರಿಸಿ.

ಜನವರಿಯ ಮೊದಲ ಶನಿವಾರ ಕೆಲಸ ಶುರು ಮಾಡಿದೆ. ಹೊರಗೆ ಮೈನಸ್ 14. ಗ್ಯಾರೇಜಿನೊಳಗೆ ಮೈನಸ್ 6. ಲ್ಯೂಬ್ ಕೋಲನ್ನು ಮನೆಯೊಳಗೆ ಬೆಚ್ಚಗಿಟ್ಟು ತಂದು ಯಂತ್ರಕ್ಕೆ ತುಂಬಿದೆ. ಮೊದಲ ನಾಲ್ಕೈದು ಗುಂಡು ಚೆನ್ನಾಗಿ ಬಂದವು. ಆಮೇಲೆ ಕಚ್ಚು ಅರ್ಧ ತುಂಬುತ್ತದೆ, ಕಾಲು ತುಂಬುತ್ತದೆ, ಕೊನೆಗೆ ಏನೂ ಇಲ್ಲ. ಕಬ್ಬಿಣದ ಯಂತ್ರ ಲ್ಯೂಬಿನ ಬಿಸಿಯನ್ನೆಲ್ಲ ಹೀರಿಬಿಟ್ಟಿತ್ತು. 50-50 ಲ್ಯೂಬು 20 ಡಿಗ್ರಿಯಲ್ಲಿ ಮೆತ್ತಗೆ ಹರಿಯುತ್ತದೆ. ಶೂನ್ಯದ ಕೆಳಗೆ ಸೋಪಿನಷ್ಟು ಗಟ್ಟಿ.

ಲ್ಯೂಬ್ ಬರದಿದ್ದಾಗ ಎಲ್ಲರೂ ಮಾಡುವುದು ಒಂದೇ, ಲ್ಯೂಬನ್ನು ಒತ್ತುವ ಮೇಲಿನ ಸ್ಕ್ರೂ ಇನ್ನಷ್ಟು ತಿರುಗಿಸುವುದು. ತಿರುಗಿಸಿ ಪ್ರಯೋಜನವಿಲ್ಲ. ಒತ್ತಡ ಒಳಗೇ ಕೂತಿರುತ್ತದೆ. ಯಂತ್ರ ಬೆಚ್ಚಗಾದ ಕೂಡಲೇ ಡೈಯ ಬಾಯಿಂದ ಕಂದು ಬಣ್ಣದ ಹುಳುವಿನ ಹಾಗೆ ಲ್ಯೂಬ್ ಎದ್ದು ಬರುತ್ತದೆ. ಗುಂಡಿನ ತಳಕ್ಕೂ ಮೆತ್ತಿಕೊಳ್ಳುತ್ತದೆ. ತಳದ ಲ್ಯೂಬು ಕೇಸಿನೊಳಗೆ ಮದ್ದಿಗೆ ತಾಗುತ್ತದೆ, ಅದು ಒಳ್ಳೆಯದಲ್ಲ. ಆ ದಿನ ಬಂದ ಗುಂಡುಗಳ ತಳವನ್ನೆಲ್ಲ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸುತ್ತಾ ಕೂತೆ. ಬೆರಳ ತುದಿಗೆ ಸ್ಪರ್ಶವೇ ಇರಲಿಲ್ಲ.

ಹಾಗಾದರೆ ಗ್ಯಾರೇಜನ್ನೇ ಬೆಚ್ಚಗೆ ಮಾಡೋಣ ಅಂತ ಪ್ರೋಪೇನ್ ಹೀಟರ್ ತಂದೆ, ಸಿಲಿಂಡರಿನ ತಲೆಗೆ ಸಿಕ್ಕಿಸುವಂಥದ್ದು. ಗಾಳಿ ಬೆಚ್ಚಗಾಯಿತು, ಕಬ್ಬಿಣ ಆಗಲಿಲ್ಲ. ಬದಲಿಗೆ ಹೊಸ ತಾಪತ್ರಯ. ಯಂತ್ರದ ಮೈಮೇಲೆ, ಡ್ರಿಲ್ ಪ್ರೆಸ್ಸಿನ ಮೇಲೆ, ಸ್ಪ್ಯಾನರುಗಳ ಮೇಲೆ ಎಲ್ಲ ಕಡೆ ನೀರ ಹನಿ. ಪ್ರೋಪೇನ್ ಉರಿದರೆ ನೀರು ಹುಟ್ಟುತ್ತದೆ, 1 ಕೆಜಿ ಅನಿಲಕ್ಕೆ ಸುಮಾರು 1.6 ಕೆಜಿ ನೀರಾವಿ. ಅದೆಲ್ಲ ಹೋಗಿ ಕೂರುವುದು ತಣ್ಣನೆಯ ಲೋಹದ ಮೇಲೇ. ಮಾರನೆಯ ದಿನ ಡೈಯ ಅಂಚಿನಲ್ಲಿ ಕೆಂಪು ತುಕ್ಕಿನ ಗೆರೆ. ಇನ್ನು ಇಂಗಾಲದ ಮಾನಾಕ್ಸೈಡ್ ಹೆದರಿಕೆ ಬೇರೆ. ಬಾಗಿಲು ಮುಚ್ಚಿದರೆ ಜೀವಕ್ಕೆ ಕುತ್ತು, ತೆರೆದರೆ ಬಿಸಿಯೆಲ್ಲ ಬೀದಿಗೆ. ಗೋಡೆಗೆ ಹಾಕಿದ್ದ ಅಲಾರಂ ಒಂದು ಸಂಜೆ ಕಿರುಚಿಕೊಂಡಿತು. ಅವತ್ತೇ ಆ ಹೀಟರ್ ಡಬ್ಬಿಗೆ ಹೋಯಿತು. ಯಾವ ಬಗೆಯ ಉರಿ ಹಚ್ಚುವುದಿದ್ದರೂ ಅಲಾರಂ ಇಲ್ಲದೆ ಹಚ್ಚಬೇಡಿ. 25 ಡಾಲರಿನ ವಸ್ತು ಅದು.

ಇಷ್ಟರಲ್ಲಿ ಹೆಂಡತಿಗೆ ನನ್ನ ಕೆಮ್ಮು, ಕೆಂಪು ಮೂಗು ನೋಡಿ ಸಾಕಾಗಿತ್ತು. "ರೀ, ಏಪ್ರಿಲ್‌ನಲ್ಲಿ ಮಾಡಿದ್ರೆ ಗುಂಡು ಹಳಸಿ ಹೋಗುತ್ತಾ?" ಅಂದಳು. ಹಳಸುವುದಿಲ್ಲ. ಆದರೆ ಕ್ಲಬ್ಬಿನ ಸ್ಪರ್ಧೆ ಮಾರ್ಚಿನಲ್ಲಿತ್ತು. ಅಂಗಡಿಯ ತೋಟೆ 50ರ ಪೆಟ್ಟಿಗೆಗೆ 30 ಡಾಲರಿನ ಹತ್ತಿರ ಕೊಡುವ ಮನಸ್ಸೂ ಇರಲಿಲ್ಲ.

ಯಂತ್ರ ಬಿಟ್ಟು ಬಾಣಲೆ ವಿಧಾನಕ್ಕೆ ಬಂದೆ. ಇದು ಹಳೇ ಕಾಲದ್ದು, ಯಂತ್ರವೇ ಬೇಡ. ಅಗಲವಾದ ತಟ್ಟೆಯಲ್ಲಿ ಗುಂಡುಗಳನ್ನು ತಳ ಕೆಳಗಾಗಿ ಸಾಲಾಗಿ ನಿಲ್ಲಿಸಬೇಕು, ಒಂದಕ್ಕೊಂದು ತಾಗದ ಹಾಗೆ. ಲ್ಯೂಬನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಬೇಡ, ಮೇಣ ಹೊತ್ತಿಕೊಂಡರೆ ನೀರು ಹಾಕಿ ಆರಿಸಲೂ ಆಗುವುದಿಲ್ಲ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಬಿಸಿನೀರೇ ಸಾಕು. ಕರಗಿದ್ದನ್ನು ಕಚ್ಚು ಮುಳುಗುವಷ್ಟು ತಟ್ಟೆಗೆ ಸುರಿಯಬೇಕು. ಗಟ್ಟಿಯಾದ ಮೇಲೆ ಗುಂಡನ್ನು ಬಿಡಿಸಿಕೊಳ್ಳಬೇಕು. ತಳ ಕತ್ತರಿಸಿದ ದೊಡ್ಡ ಕೇಸಿನ ಕೊಳವೆಯನ್ನು ಒಂದೊಂದರ ಮೇಲೂ ಒತ್ತಿದರೆ ಗುಂಡು ಲ್ಯೂಬಿನ ಸಮೇತ ಮೇಲೆ ಬರುತ್ತದೆ.

ಲ್ಯೂಬ್ ಕರಗಿಸಿದ್ದು ಅಡುಗೆಮನೆಯ ಸ್ಟೌವಿನ ಮೇಲಲ್ಲ, ಗ್ಯಾರೇಜಿನ ಕರೆಂಟ್ ಒಲೆಯ ಮೇಲೆ. ಪಾತ್ರೆಯ ಬಗ್ಗೆ ಮನೆಯಲ್ಲಿ ಕಟ್ಟುನಿಟ್ಟು: "ಆ ಬಾಣಲಿ ಮತ್ತೆ ಅಡುಗೆಮನೆ ಹೊಸಲು ದಾಟಿ ಬರ್ಬಾರ್ದು." ಸರಿಯಾದ ಮಾತೇ. ಸೀಸ ತಾಗಿದ ಯಾವ ಪಾತ್ರೆಯೂ ಊಟಕ್ಕೆ ವಾಪಸು ಬರಬಾರದು.

ಸುರಿದದ್ದು ನೋಡನೋಡುತ್ತಲೇ ಗಟ್ಟಿಯಾಯಿತು. ಆಹಾ ಬೇಗ ಆಯ್ತಲ್ಲ ಅಂತ ಖುಷಿಪಟ್ಟು ಬಿಡಿಸಲು ಹೋದರೆ ಮೇಣದ ಬಿಲ್ಲೆ ಪೂರ್ತಿ ಗಾಜಿನ ಥರ ಸೀಳುಬಿಟ್ಟಿತ್ತು. ಗುಂಡುಗಳು ಬರಿ ಮೈಯಲ್ಲಿ ಬಂದವು. ಒಂದನ್ನು ದೀಪದ ಕೆಳಗೆ ತಿರುಗಿಸಿ ನೋಡಿದೆ. ಕಚ್ಚಿನ ಒಂದು ಪಕ್ಕದಲ್ಲಿ ಮಾತ್ರ ಲ್ಯೂಬ್ ಇದೆ, ಇನ್ನೊಂದು ಪಕ್ಕ ಅರ್ಧಚಂದ್ರದ ಆಕಾರದಲ್ಲಿ ಖಾಲಿ. ಇದ್ದದ್ದೂ ಲೋಹಕ್ಕೆ ಅಂಟಿಲ್ಲ. ಉಗುರಿನಲ್ಲಿ ತಳ್ಳಿದರೆ ಉಂಗುರದ ತುಂಡಿನ ಹಾಗೆ ಕಳಚಿ ಮೇಜಿನ ಮೇಲೆ ಬಿತ್ತು.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಮೆಕ್ಯಾನಿಕ್ ಇದ್ದಾರೆ. ನಾನು ಹುಟ್ಟುವ ಮೊದಲಿಂದ ಗುಂಡು ಎರಕ ಹೊಯ್ಯುತ್ತಿರುವವರು. ಹಿಮ ಗುಡಿಸುವಾಗ ಸಿಕ್ಕರು, ಆ ಕಳಚಿದ ತುಂಡು ತೋರಿಸಿದೆ. ಅವರು ಲ್ಯೂಬ್ ಮುಟ್ಟಿಯೂ ನೋಡಲಿಲ್ಲ. ಗುಂಡನ್ನು ಕೈಗೆ ತೆಗೆದುಕೊಂಡು, ಇದು ಎಷ್ಟು ಬೆಚ್ಚಗಿತ್ತು ಅಂತ ಕೇಳಿದರು. ಅಷ್ಟೇ ಪ್ರಶ್ನೆ.

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ನಾನು ಓದಿದ್ದೆಲ್ಲ ಲ್ಯೂಬ್ ಕಾಯಿಸುವುದರ ಬಗ್ಗೆಯೇ. ಚಳಿಯಲ್ಲಿ ಕಾಯಿಸಬೇಕಾದ್ದು ಮೊದಲು ಲೋಹ. ಮೈನಸ್ 6ರ ಸೀಸಕ್ಕೆ 70 ಡಿಗ್ರಿಯ ಮೇಣ ತಾಗಿದರೆ, ತಾಗಿದ ಪದರ ಆ ಕ್ಷಣವೇ ಹೆಪ್ಪುಗಟ್ಟುತ್ತದೆ, ಹಿಡಿದುಕೊಳ್ಳಲು ಸಮಯವೇ ಇಲ್ಲ. ಜೇನುಮೇಣ ಆರುವಾಗ ಕುಗ್ಗುತ್ತದೆ ಕೂಡ. ಬೇಗ ಆರಿದರೆ ಬಿರುಕು, ನಿಧಾನ ಆರಿದರೆ ಹಿಡಿತ.

ಹಾಗಾಗಿ 10 ಡಾಲರಿಗೆ ಒಂದು ಸೆಕೆಂಡ್‌ಹ್ಯಾಂಡ್ ಟೋಸ್ಟರ್ ಓವನ್ ತಂದೆ. ಅದರ ಮೇಲೆ ಕೆಂಪು ಮಾರ್ಕರಿನಲ್ಲಿ 'ಸೀಸ' ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದೆ. ಗುಂಡು ನಿಲ್ಲಿಸಿದ ತಟ್ಟೆಯನ್ನೇ ಅದರೊಳಗಿಟ್ಟು 65 ಡಿಗ್ರಿಗೆ ಕಾಯಿಸಿದೆ. ಇಷ್ಟು ಬಿಸಿಗೆ ಗುಂಡಿನ ಗಡಸುತನ ಕಮ್ಮಿಯಾಗುವುದಿಲ್ಲ. ಈ ಓವನ್ನುಗಳ ಮುಳ್ಳು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ತಟ್ಟೆ ಹೊರಗೆ ತೆಗೆದ ಕೂಡಲೇ ಲ್ಯೂಬ್ ಸುರಿದೆ. ತಟ್ಟೆಯ ಕೆಳಗೆ ಮಡಿಸಿದ ಹಳೇ ಕಂಬಳಿ, ಮೇಲೆ ರಟ್ಟಿನ ಪೆಟ್ಟಿಗೆ. ಆರಲು ಗಂಟೆಗಟ್ಟಲೆ ಹಿಡಿಯಿತು, ಹಿಡಿಯಲಿ. ಪೂರ್ತಿ ತಣ್ಣಗಾಗುವ ತನಕ ಬಿಡಬೇಡಿ. ಬಿಲ್ಲೆಯ ಅಂಚಿಗೆ ಬೆರಳು ಒತ್ತಿದರೆ ಸ್ವಲ್ಪ ತಗ್ಗಬೇಕು, ಅಂಟಬಾರದು. ಆ ಹದದಲ್ಲಿ ಗುಂಡು ಬಿಡಿಸಿದರೆ ಕಚ್ಚು ಸುತ್ತಲೂ ತುಂಬಿ, ಅಂಚು ಕತ್ತಿಯಲ್ಲಿ ಕೊಯ್ದ ಹಾಗೆ ಬರುತ್ತದೆ.

ಚಳಿಗಾಲಕ್ಕೆ ಲ್ಯೂಬ್ ಸ್ವಲ್ಪ ಮೆತ್ತಗಿರಲಿ ಅಂತ ಇನ್ನೊಂದು ತಟ್ಟೆಗೆ ಜೇನುಮೇಣ ಮತ್ತು ವ್ಯಾಸಲಿನ್ ಸಮಸಮ ಬೆರೆಸಿದೆ. ಇದು ಚಳಿಯಲ್ಲಿ ಬಿರುಕು ಬಿಡಲೇ ಇಲ್ಲ. ವಾಸನೆಯೂ ಇಲ್ಲ. ಅಲಾಕ್ಸ್ ವಾಸನೆ ಜಾಕೆಟ್ಟಿಗೆ ಹಿಡಿದರೆ ಒಗೆದರೂ ಹೋಗುವುದಿಲ್ಲ. ಆದರೆ ವ್ಯಾಸಲಿನ್ ಜಾಸ್ತಿ ಇರುವ ಗುಂಡನ್ನು ಜುಲೈ ಬಿಸಿಲಿನಲ್ಲಿ ಕಾರಿನಲ್ಲಿ ಬಿಟ್ಟರೆ ಕರಗಿ ಮದ್ದಿಗೆ ಇಳಿಯುತ್ತದೆ. ಡಬ್ಬಿಯ ಮೇಲೆ 'ಚಳಿಗಾಲದ್ದು' ಅಂತ ಚೀಟಿ ಅಂಟಿಸಿ.

ನಡುವೆ ಲೀ ಕಂಪನಿಯ ಲಿಕ್ವಿಡ್ ಅಲಾಕ್ಸನ್ನೂ ನೋಡಿದೆ. ಸಣ್ಣ ಬಾಟಲಿಯಲ್ಲಿ ಬರುವ ಕಾಕಂಬಿಯಂಥ ದ್ರವ. ಗುಂಡಿನ ಮೇಲೆ ಒಂದಿಷ್ಟು ಹಾಕಿ, ಐಸ್‌ಕ್ರೀಮ್ ಡಬ್ಬಿಯಲ್ಲಿ ಉರುಳಾಡಿಸಿ, ಕಾಗದದ ಮೇಲೆ ಹರಡಿದರಾಯಿತು. ಬೆಚ್ಚಗಿನ ಕೋಣೆಯಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಒಣಗುತ್ತದೆ. ಚಳಿಯಲ್ಲಿ ಬಾಟಲಿಯಿಂದಲೇ ಇಳಿಯುವುದಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟು, ಗುಂಡುಗಳಿಗೆ ಹೇರ್ ಡ್ರೈಯರ್ ಹಿಡಿದರೆ ತೆಳ್ಳಗೆ ಹರಡುತ್ತದೆ. ಒಣಗುವುದಕ್ಕೆ ಮಾತ್ರ ದಿನಗಟ್ಟಲೆ. ನನ್ನವು ಒಂದು ವಾರ ಕಳೆದರೂ ಬೆರಳಿಗೆ ಅಂಟುತ್ತಿದ್ದವು. ಕೊನೆಗೆ ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಇರುವ ಕೋಣೆಗೆ ತಟ್ಟೆ ಇಳಿಸಿದ ಮೇಲೆ ಒಂದೇ ರಾತ್ರಿಯಲ್ಲಿ ಒಣಗಿದವು. ದಪ್ಪ ಬಳಿಯಬೇಡಿ. ಗುಂಡು ಚಿನ್ನದ ಬಣ್ಣಕ್ಕೆ ತಿರುಗಿದರೆ ಸಾಕು, ಕಂದಾದರೆ ಜಾಸ್ತಿಯಾಯಿತು ಅಂತ ಅರ್ಥ. ಬೆಂಕಿ ಹೊತ್ತಿಕೊಳ್ಳುವ ಮಿನರಲ್ ಸ್ಪಿರಿಟ್ ಬೆರೆಸಿ ಲ್ಯೂಬ್ ತೆಳುಮಾಡುವವರು ಫರ್ನೇಸಿನ ಹತ್ತಿರ ಹೋಗಲೇಬೇಡಿ.

ಈಗೀಗ ಬಹಳ ಜನ ಈ ಮೇಣದ ಸಹವಾಸವೇ ಬಿಟ್ಟು ಪೌಡರ್ ಕೋಟಿಂಗ್ ಮಾಡುತ್ತಾರೆ. 200 ಡಿಗ್ರಿಯ ಓವನ್ನಿನಲ್ಲಿ ಬಣ್ಣದ ಪುಡಿ ಬೇಯಿಸುವುದು. ಚಳಿಗೆ ಅದೇ ಸುಲಭ ಅನ್ನುತ್ತಾರೆ. ನನಗೆ ಬಣ್ಣದ ಗುಂಡು ಇಷ್ಟವಿಲ್ಲ, ಅಷ್ಟೇ ಕಾರಣ.

ಬಾಣಲೆ ಕೆಲಸ ಸರಿಹೋದರೂ ಅಳತೆಗೆ ಯಂತ್ರ ಬೇಕೇ ಬೇಕು. ಅಚ್ಚಿನಿಂದ ಬರುವ ಗುಂಡು 0.359, 0.360 ಇಂಚು ಇರುತ್ತದೆ. ನನ್ನ ನಳಿಗೆಗೆ 0.358 ಬೇಕು. ಎಷ್ಟು ಒಳ್ಳೆ ಲ್ಯೂಬ್ ಹಾಕಿದರೂ ಗುಂಡು ಸಣ್ಣದಾದರೆ ಸೀಸ ಮೆತ್ತಿಯೇ ಮೆತ್ತುತ್ತದೆ. ಹೊಸಬರು ಲ್ಯೂಬಿನ ಬ್ರಾಂಡಿಗೆ ತಲೆ ಕೆಡಿಸಿಕೊಳ್ಳುವ ಬದಲು ಒಂದು ಮೈಕ್ರೋಮೀಟರ್ ಕೊಳ್ಳಿ.

ಹಾಗಾಗಿ ಲೈಮನ್ ಯಂತ್ರವನ್ನೇ ಬೆಚ್ಚಗಿಡುವ ಉಪಾಯ ಬೇಕಾಯಿತು. ನೆರೆಯವರು ತಮ್ಮ ಹೀಟರ್ ಪ್ಲೇಟ್ ಎರವಲು ಕೊಟ್ಟರು. ಯಂತ್ರದ ತಳಕ್ಕೆ ಬಿಗಿಯುವ ಕರೆಂಟಿನ ಬಿಸಿ ತಟ್ಟೆ ಅದು. ಬರೀ ತಳ ಕಾದರೆ ಮೇಲಿನಿಂದ ಚಳಿ ಇಳಿಯುತ್ತದೆ. ಅದಕ್ಕೆ ಮರದ ಹಳೇ ಪೆಟ್ಟಿಗೆಯೊಂದನ್ನು ಯಂತ್ರದ ಮೂರು ಪಕ್ಕಕ್ಕೂ ಗೋಡೆಯ ಹಾಗೆ ನಿಲ್ಲಿಸಿ, ಒಳಗೆ 60 ವ್ಯಾಟಿನ ಬಲ್ಬು ಹಾಕೋಣ ಅಂದುಕೊಂಡೆ. ಅಂಗಡಿಗೆ ಹೋದರೆ ಹಳೇ ಮಾದರಿಯ ಬಲ್ಬೇ ಇಲ್ಲ! 2023ರ ಆಗಸ್ಟಿನಿಂದ ಅಮೆರಿಕದಲ್ಲಿ ಸಾಮಾನ್ಯ ಫಿಲಮೆಂಟ್ ಬಲ್ಬುಗಳ ಮಾರಾಟ ನಿಂತಿದೆ. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಬಿಸಿ ಎಲ್ಲಿಂದ ಬರಬೇಕು? ಕೊನೆಗೆ ಸಿಕ್ಕಿದ್ದು ಸಾಕುಪ್ರಾಣಿಗಳ ಅಂಗಡಿಯಲ್ಲಿ, ಆಮೆ, ಓತಿಕ್ಯಾತ ಸಾಕುವವರಿಗೆ ಅಂತ ಮಾರುವ ಬಿಸಿ ಬಲ್ಬು. ಕೌಂಟರಿನ ಹುಡುಗಿ ಯಾವ ಪ್ರಾಣಿ ಸಾಕಿದ್ದೀರಿ ಅಂತ ಕೇಳಿದಳು. ಕಬ್ಬಿಣದ್ದು ಅಂದೆ. ಅವಳಿಗೆ ನಗು ಬರಲಿಲ್ಲ.

ಆ ಬಲ್ಬು ಹಚ್ಚಿ, ತಟ್ಟೆ ಹಾಕಿ, ಕೆಲಸಕ್ಕೆ ಕೂರುವ ಒಂದು ಗಂಟೆ ಮೊದಲೇ ಬಿಟ್ಟುಬಿಡುವುದು. ಯಂತ್ರದ ಮೈಗೆ ಕೈಯಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಗುಂಡುಗಳೂ ಅಷ್ಟರಲ್ಲಿ ಟೋಸ್ಟರಿನಲ್ಲಿ ಕಾದಿರುತ್ತವೆ. ಒಂದು ಸಲಕ್ಕೆ ಹಿಡಿಯಷ್ಟು ಮಾತ್ರ ಹೊರಗೆ ತೆಗೆಯಿರಿ. ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಹಲವು ಗುಂಡುಗಳಿಗೆ ಒತ್ತಡ ಸಾಲುತ್ತದೆ. ಕಚ್ಚು ತುಂಬಿ, ತಳ ಒಣಗಿದ್ದರೆ ಹದ ಸರಿ. ಎದ್ದು ಹೋಗುವ ಮೊದಲು ಸ್ಕ್ರೂ ಹಿಂದಕ್ಕೆ ಸಡಿಲಿಸಿ, ಇಲ್ಲದಿದ್ದರೆ ಮಾರನೆಯ ದಿನ ಆ ಕಂದು ಹುಳು ಮೇಜಿನ ಮೇಲೆ ಮಲಗಿರುತ್ತದೆ. ಬಲ್ಬು ಆರಿಸುವುದನ್ನು ಮರೆಯಬೇಡಿ, ಮರದ ಪೆಟ್ಟಿಗೆ ಅದು.

ಹೀಗೆ ಕೂತ ಸಂಜೆಗಳು ನಿಜಕ್ಕೂ ಚೆನ್ನಾಗಿದ್ದವು. ಹೊರಗೆ ಹಿಮದ ಟ್ರಕ್ಕಿನ ಸದ್ದು, ಒಳಗೆ ಹಿಡಿಯ ಕಟಕ್ ಕಟಕ್. ಕಿವಿಗೆ ಊರಿನ ಯಕ್ಷಗಾನದ ಹಳೇ ರೆಕಾರ್ಡಿಂಗು ಹಾಕಿಕೊಂಡರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಕೈ ತೊಳೆಯುವುದು ಮಾತ್ರ ದೊಡ್ಡ ಶಿಕ್ಷೆ. ಗ್ಯಾರೇಜಿನ ನಲ್ಲಿಯನ್ನು ಚಳಿಗಾಲದಲ್ಲಿ ಬಂದ್ ಮಾಡಿರುತ್ತೇವೆ, ಇಲ್ಲದಿದ್ದರೆ ಪೈಪು ಒಡೆಯುತ್ತದೆ. ಸೀಸದ ಕೈಯಲ್ಲಿ ಮನೆಯ ಬಾಗಿಲ ಹಿಡಿ ಮುಟ್ಟುವಂತಿಲ್ಲ. ಸೀಸ ತೆಗೆಯಲೆಂದೇ ಬರುವ ಒದ್ದೆ ಬಟ್ಟೆಗಳ ಡಬ್ಬ ತಂದಿಟ್ಟೆ. ಮೊದಲು ಅದರಲ್ಲಿ ಒರೆಸಿ, ಆಮೇಲೆ ಒಳಗೆ ಹೋಗಿ ಸೋಪು ಹಾಕಿ ತೊಳೆಯುವುದು. ಗ್ಯಾರೇಜಿಗೆ ಬೇರೆ ಚಪ್ಪಲಿ, ಬೇರೆ ಜಾಕೆಟ್. ಚಳಿ ಅಂತ ಕಾಫಿ ಲೋಟ ಮೇಜಿನ ಮೇಲಿಟ್ಟುಕೊಳ್ಳುವ ಆಸೆ ಆಗುತ್ತದೆ, ಬೇಡ. ಸೀಸ ಹೊಟ್ಟೆಗೆ ಹೋಗುವುದೇ ಬೆರಳಿನಿಂದ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಜಾಗ್ರತೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಇದ್ದರೂ ಗಮನ ಕೊಡಬೇಕು ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ವರ್ಷಕ್ಕೊಮ್ಮೆಯ ತಪಾಸಣೆಗೆ ಹೋದಾಗ ರಕ್ತದ ಸೀಸದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುತ್ತೇನೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಯಂತ್ರ 90, ಡೈ ಸುಮಾರು 35, ಟೋಸ್ಟರ್ 10, ಅಲಾರಂ 25, ಬಲ್ಬು ಮತ್ತು ಹೋಲ್ಡರ್ 20, ಸುಮ್ಮನೆ ಬಿದ್ದಿರುವ ಪ್ರೋಪೇನ್ ಹೀಟರ್ 80. ಜೇನುಮೇಣ ರೈತರ ಸಂತೆಯಲ್ಲಿ ಜೇನು ಮಾರುವವರ ಹತ್ತಿರ ತಂದದ್ದು, ಕ್ರಾಫ್ಟ್ ಅಂಗಡಿಗಿಂತ ಎಷ್ಟೋ ಅಗ್ಗ. ಮೊದಲ ವರ್ಷ ಉಳಿತಾಯ ಅನ್ನುವುದೆಲ್ಲ ಸುಳ್ಳು, ಅಲ್ವಾ? ಹೆಂಡತಿಯ ಮುಂದೆ ಮಾತ್ರ ಬೇರೆ ಲೆಕ್ಕ.

ಫೆಬ್ರವರಿ ಕೊನೆಯಲ್ಲಿ ಕ್ಲಬ್ಬಿನ ಬಯಲು ರೇಂಜಿಗೆ ಒಯ್ದೆ. ಮೈನಸ್ 9. ತಣ್ಣನೆಯ ನಳಿಗೆಯಲ್ಲಿ ಹೊಡೆದ ಮೊದಲ ಒಂದೆರಡು ಗುಂಡು ಗುರಿಯಿಂದ ಸ್ವಲ್ಪ ಮೇಲೆ ಹೋದವು. ಲ್ಯೂಬ್ ಹರಡಿ ನಳಿಗೆ ಹದಕ್ಕೆ ಬರುವ ತನಕ ಹೀಗಾಗುತ್ತದೆ. ಸ್ಪರ್ಧೆಗೆ ಮೊದಲು ಅಭ್ಯಾಸದ ಹೊಡೆತಕ್ಕೆ ಅವಕಾಶ ಕೊಡುತ್ತಾರಾ ಅಂತ ಕೇಳಿಕೊಳ್ಳಿ. ಆಮೇಲಿನವು ಒಂದೇ ಕಡೆ ಕೂತವು. ನಳಿಗೆಯ ತುದಿಯಲ್ಲಿ ಬೂದು ಬಣ್ಣದ ಜಿಡ್ಡು ನಕ್ಷತ್ರದ ಆಕಾರದಲ್ಲಿ ಮೂಡಿತ್ತು. ಲ್ಯೂಬು ಕೊನೆಯ ತನಕ ಸಾಕಾಯಿತು ಅನ್ನುವುದಕ್ಕೆ ಅದೇ ಗುರುತು. ಬಾಣಲೆಯವು, ಯಂತ್ರದವು ಎರಡರಲ್ಲೂ ನಕ್ಷತ್ರ ಬಂತು. ಲಿಕ್ವಿಡ್ ಅಲಾಕ್ಸಿನವು ಹೊಗೆ ಜಾಸ್ತಿ ಮಾಡಿದವು.

ಮನೆಗೆ ಬಂದು ನಳಿಗೆಗೆ ಬೆಳಕು ಹಿಡಿದೆ. ಗೀರುಗಳು ಶುರುವಾಗುವ ಕಡೆ ಕೂದಲೆಳೆಯಷ್ಟು ಸೀಸ ಇತ್ತು, ಮಿಕ್ಕದ್ದು ಸ್ವಚ್ಛ. ಪಾತ್ರೆ ಉಜ್ಜುವ ತಾಮ್ರದ ನಾರನ್ನು ಬ್ರಷ್ಷಿಗೆ ಸುತ್ತಿ ಎರಡು ಸಲ ಎಳೆದರೆ ಹೋಯಿತು. ಆ ನಾರು ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ತಾಮ್ರದ ನೀರು ಕೊಟ್ಟ ಕಬ್ಬಿಣ, ನಳಿಗೆಯನ್ನು ಗೀಚುತ್ತದೆ.

ನೆರೆಯವರಿಗೆ ಅವರ ಹೀಟರ್ ಪ್ಲೇಟ್ ವಾಪಸು ಕೊಟ್ಟಾಯಿತು. ಜೊತೆಗೆ ಹೆಂಡತಿ ಮಾಡಿದ ಕೋಡುಬಳೆ ಒಂದು ಡಬ್ಬಿ. ನನ್ನದೇ ಒಂದು ಪ್ಲೇಟಿಗೆ ಆರ್ಡರ್ ಹಾಕಿದ್ದೇನೆ, ಬರಲು ಇನ್ನೂ ಮೂರು ವಾರ ಅನ್ನುತ್ತಿದ್ದಾರೆ. ಅಷ್ಟರಲ್ಲಿ ಹಿಮ ಕರಗಿರುತ್ತದೆ.